ಬೆಟ್ಟ, ಸೈಕಲ್ಲು ಮತ್ತು ನನ್ನಾಕೆಯ ಷರತ್ತು

ಸೈಕಲ್ಲು ಗೋಡೆಗೆ ಒರಗಿಕೊಂಡಿದ್ದಷ್ಟು ಹೊತ್ತು ಏನೂ ಆಗುವುದಿಲ್ಲ. ನಾನು ಹತ್ತಿ ಕೂತೆನೋ, ಏನಾದರೊಂದು ಆಗಿಯೇ ತೀರುತ್ತದೆ. ಹಾಗಂತ ನಾನು ಹೆದರುವವನಲ್ಲ. ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಮನೆ, ವಾರವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ, ವಯಸ್ಸು ನಲವತ್ತೇಳು. ಸೆಪ್ಟೆಂಬರ್ ರಜೆಯಲ್ಲಿ ಮೆಲ್ಬರ್ನಿನ ಗೆಳೆಯನ ಜೊತೆ ಆ ಕಡೆಯ ಬೆಟ್ಟಗಳಲ್ಲಿ ಸೈಕಲ್ ಹೊಡೆಯುತ್ತೇನೆ, ಎಲ್ಲಕ್ಕಿಂತ ದೊಡ್ಡ ಬೆಟ್ಟವನ್ನು ತುದಿಯವರೆಗೆ ಹತ್ತುತ್ತೇನೆ ಎಂದು ಊರಿಗೆಲ್ಲ ಸಾರಿಬಿಟ್ಟಿದ್ದೆ.

ಹೆಂಡತಿ ಒಂದೇ ಷರತ್ತು ಹಾಕಿದಳು. "ಹಿಂದೆ ಕಾರಲ್ಲಿ ನಾನು ಬರ್ತೀನಿ. ತುದಿ ಮುಟ್ಟೋ ಮುಂಚೆ ನೀವು ಕಾರ್ ಹತ್ತಿದ್ರೆ ಸೈಕಲ್ ನಂದು. ಏನ್ ಬೇಕಾದ್ರೂ ಮಾಡ್ಕೋತೀನಿ."

ಎರಡು ವರ್ಷ ಕಾಡಿ ಬೇಡಿ ಕೊಂಡ ಸೈಕಲ್ಲು ಅದು. ಖಂಡಿತ ಮಾರಿಬಿಡುತ್ತಾಳೆ ಎಂದು ಗೊತ್ತಿತ್ತು. ಆದರೂ ಒಪ್ಪಿಕೊಂಡೆ. ಷರತ್ತಿಗೆ ಹೆದರುವವನು ಸೋಲುವವನು ತಾನೇ?

ಮಡಿ

ಅಭ್ಯಾಸಕ್ಕೆಂದು ಒಂದು ಭಾನುವಾರ ಮೈಗಂಟಿದ ಸೈಕಲ್ ಉಡುಪಿನಲ್ಲಿ ಮಾರ್ಸ್ಡನ್ ಪಾರ್ಕ್ ಕಡೆ ಹೋಗಿದ್ದೆ. ಒಂದು ಮನೆಯ ಬಾಗಿಲಿಗೆ ಪ್ಲಾಸ್ಟಿಕ್ ತೋರಣ ಕಟ್ಟುತ್ತಿದ್ದ ಪರಿಚಯದ ಆಂಟಿ ಕೈಬೀಸಿ ನಿಲ್ಲಿಸಿದರು. "ಸತ್ಯನಾರಾಯಣ ಪೂಜೆ. ಮನೆ ಮುಂದೇನೇ ಹೋಗ್ತಾ ಪ್ರಸಾದ ಬೇಡ ಅನ್ನಬಾರದಪ್ಪ."

ಪ್ರಸಾದ ಬಿಟ್ಟುಹೋದವರ ಹಡಗು ಮುಳುಗಿದ ಕಥೆ ನನಗೂ ಗೊತ್ತು. ಒಳಗೆ ಹೋದೆ. ಮೂವತ್ತು ರೇಷ್ಮೆ ಸೀರೆಗಳು ಒಟ್ಟಿಗೆ ಗೋಡೆಯ ಕಡೆ ಮುಖ ತಿರುಗಿಸಿದವು. ಮನೆಯ ಯಜಮಾನರು ತಮ್ಮ ಶಲ್ಯ ತೆಗೆದು ನನ್ನ ಸೊಂಟಕ್ಕೆ ಸುತ್ತಿದರು.

"ಸ್ನಾನ ಆಗಿದೆ, ಮಡಿಯಲ್ಲೇ ಇದ್ದೀನಿ," ಎಂದೆ ಧೈರ್ಯವಾಗಿ.

ಪುರೋಹಿತರು ಮಂತ್ರ ನಿಲ್ಲಿಸಿದರು. "ಮಡಿ ಮೈಮೇಲಿದ್ರೆ ಸಾಕು. ಮೈಗೆ ಅಂಟ್ಕೊಂಡಿರ್ಬೇಕು ಅಂತ ಯಾವ ಶಾಸ್ತ್ರದಲ್ಲೂ ಹೇಳಿಲ್ಲ."

ಅಜ್ಜ

ಮೆಲ್ಬರ್ನಿನ ಗೆಳೆಯ ಹುಬ್ಬಳ್ಳಿಯವನು. ಬೆಟ್ಟದೂರಿಗೆ ಹೋದ ಮೊದಲ ದಿನ ಇಬ್ಬರೂ ಹೊಳೆಯ ಪಕ್ಕದ ರಸ್ತೆಯಲ್ಲಿ ಹೊರಟೆವು. ಇಲ್ಲಿ ವಸಂತ ಬಂದರೆ ಮ್ಯಾಗ್‌ಪೈ ಎಂಬ ಕಪ್ಪು ಬಿಳುಪು ಹಕ್ಕಿ ಗೂಡು ಕಾಯುತ್ತಾ ಸೈಕಲ್ಲಿನವರ ತಲೆಗೆ ಎರಗುತ್ತದೆ. ನಮ್ಮ ಪಿತೃಪಕ್ಷವೂ ಅದೇ ಹೊತ್ತಿಗೆ ಬರುತ್ತದೆ. ಹಕ್ಕಿ ಗೆಳೆಯನ ಹೆಲ್ಮೆಟ್ಟಿಗೆ ಮೂರು ಸಲ ಕುಕ್ಕಿತು. ಅವನು ಸೈಕಲ್ ನಿಲ್ಲಿಸಿದ.

"ಅದು ನಮ್ಮಜ್ಜನ ಅದಾನಲೇ. ಪಕ್ಷದಾಗ ಎಡಿ ಇಟ್ಟಿಲ್ಲಂತ ಸಿಟ್ಟಿಗೆದ್ದಾನ."

ಜೇಬಿನಿಂದ ಶೇಂಗಾ ಉಂಡಿ ತೆಗೆದು ಬೇಲಿಯ ಕಂಬದ ಮೇಲಿಟ್ಟು ಕೈ ಮುಗಿದ. ಹಕ್ಕಿ ಇಳಿದು ಬಂದು ನೆಮ್ಮದಿಯಾಗಿ ತಿಂದಿತು. ಆಮೇಲೆ ಹಾರಿ ಬಂದು ನನ್ನ ಕಿವಿಗೆ ಕುಕ್ಕಿತು.

"ನಿಮ್ಮಜ್ಜನ್ನೂ ಕರಕೊಂಡು ಬಂದಾನ ನೋಡು," ಎಂದ ಗೆಳೆಯ.

ಇಪ್ಪತ್ತು ನಿಮಿಷ

ಎರಡನೆಯ ದಿನ ಕಾಲಿಗೆ ವಿಶ್ರಾಂತಿ ಕೊಡೋಣವೆಂದು ಸೈಕಲ್ಲುಗಳನ್ನು ಕಾರಿಗೆ ಕಟ್ಟಿ ಪಕ್ಕದ ಸಣ್ಣ ಬೆಟ್ಟಕ್ಕೆ ಹೋದೆವು. ಇಳಿಯುವುದು ಮಾತ್ರ ಸೈಕಲ್ಲಿನಲ್ಲಿ. ಆಹಾ, ಆ ಸುಖವನ್ನು ಹೇಗೆ ಹೇಳಲಿ? ತುಳಿಯುವ ಕೆಲಸವಿಲ್ಲ, ನೀಲಗಿರಿ ಎಲೆಯ ವಾಸನೆ, ತಿರುವು ತಿರುವಿಗೂ ಕಣಿವೆ. ನಾನು ಎಂಟು ವರ್ಷದವನ ಹಾಗೆ ಕೂಗುತ್ತಾ ಇಳಿದೆ.

ಕೆಳಗಿನ ಕೆಫೆಯಲ್ಲಿ ಗಡ್ಡದ ಸೈಕಲ್ ಸವಾರನೊಬ್ಬ ಕೇಳಿದ, "ಮೇಲೆ ಹೋಗಲು ಎಷ್ಟು ಹೊತ್ತು ಹಿಡಿಯಿತು?"

ಸುಳ್ಳು ಯಾಕೆ ಹೇಳಲಿ? "ಇಪ್ಪತ್ತು ನಿಮಿಷ," ಎಂದೆ. ಅವನು ಎದ್ದು ನಿಂತು ಕೈಕುಲುಕಿ ನನಗೆ ಕಾಫಿ ಕೊಡಿಸಿದ.

ಹೆಂಡತಿ ಕಾರಿನ ಕೀ ಚೀಲಕ್ಕೆ ಹಾಕಿಕೊಳ್ಳುತ್ತಾ ಹೇಳಿದಳು, "ಇವತ್ತು ಟ್ರಾಫಿಕ್ ಇರ್ಲಿಲ್ಲ."

ದೊಡ್ಡ ಬೆಟ್ಟ

ಮೂರನೆಯ ದಿನ ಷರತ್ತಿನ ಬೆಟ್ಟ. ಗೆಳೆಯ ಮೊಣಕಾಲು ನೋವೆಂದು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿದ. "ಅಮಾವಾಸ್ಯೆ, ಹಾಗೇ ಹೋಗ್ಬೇಡಿ," ಎಂದು ಹೆಂಡತಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ನನ್ನ ಹಣೆಗೆ ಧಾರಾಳವಾಗಿ ಕುಂಕುಮ ಬಳಿದಳು.

ಹದಿನೆಂಟು ಕಿಲೋಮೀಟರ್ ಏರು. ಜೀವ ಬಾಯಿಗೆ ಬಂದಿತ್ತು, ಆದರೆ ಅಷ್ಟು ಸಂತೋಷ ಈ ದೇಶದಲ್ಲೇ ನೆಲೆಸಲು ನನಗೆ ಪಿಆರ್ ಸಿಕ್ಕ ದಿನವೂ ಆಗಿರಲಿಲ್ಲ. ತುದಿಗೆ ಇನ್ನೊಂದೇ ಕಿಲೋಮೀಟರ್ ಎಂಬ ಬೋರ್ಡು ಕಂಡಿತು. ಗೆದ್ದೆ ಎಂದುಕೊಂಡು ನೀರು ಕುಡಿಯಲು ನಿಂತೆ.

ಮೇಲಿನಿಂದ ಸೈಕಲ್ಲಿನಲ್ಲಿ ಇಳಿಯುತ್ತಿದ್ದ ಬಿಳಿಗೂದಲಿನ ಆಸ್ಟ್ರೇಲಿಯನ್ ಹೆಂಗಸು ನನ್ನನ್ನು ನೋಡಿದವಳೇ ಸೈಕಲ್ ಬಿಸಾಡಿ ಓಡಿಬಂದಳು. ತಾನು ನರ್ಸ್, ಅಲುಗಾಡಬೇಡ ಎಂದು ನನ್ನನ್ನು ಹಿಡಿದು ಕೂರಿಸಿದಳು. ಬೆವರಿಗೆ ಕರಗಿದ ಕುಂಕುಮ ಮೂಗು, ಗಲ್ಲ, ಅಂಗಿಯ ತನಕ ಇಳಿದಿತ್ತು.

"ಇದು ರಕ್ತ ಅಲ್ಲ, ದೇವರದು," ಎಂದೆ.

ಅವಳ ಮುಖ ಇನ್ನೂ ಗಂಭೀರವಾಯಿತು. "ಸರಿ. ಹೇಗೆ ಬಿದ್ದೆ, ನೆನಪಿದೆಯಾ?"

"ಬಿದ್ದಿಲ್ಲ. ನಿಂಬೆಹಣ್ಣಿನ ಮೇಲೆ ಸೈಕಲ್ ಹತ್ತಿಸಿದೆ. ಬೇಕಂತಲೇ."

"ಇವತ್ತು ಯಾವ ದಿನ?"

ರಜೆಯಲ್ಲಿ ವಾರ ಯಾರಿಗೆ ನೆನಪಿರುತ್ತದೆ? ಗೊತ್ತಿದ್ದದ್ದನ್ನು ಹೇಳಿದೆ. "ಚಂದ್ರ ಇಲ್ಲದ ದಿನ."

ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅಷ್ಟರಲ್ಲಿ ನಮ್ಮ ಕಾರು ಬಂತು. ಹೆಂಡತಿ ಇಳಿದಳು. ನರ್ಸ್ ಅವಳನ್ನು ಪಕ್ಕಕ್ಕೆ ಕರೆದು, "ತಲೆಗೆ ಪೆಟ್ಟಾಗಿದೆ, ಏನೇನೋ ಮಾತಾಡ್ತಿದ್ದಾರೆ. ಯಾವಾಗಿನಿಂದ ಹೀಗೆ?" ಎಂದು ಕೇಳಿದಳು. ಅದು ಕುಂಕುಮ ಎಂದು ಇವಳು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಇವಳು ನನ್ನನ್ನು ನೋಡಿದಳು, ಬೋರ್ಡು ನೋಡಿದಳು, ಸೈಕಲ್ಲು ನೋಡಿದಳು.

"ಮದುವೆಯಾದಾಗಿನಿಂದ," ಎಂದಳು.

ನರ್ಸ್ ಒಂದು ರಟ್ಟೆ ಹಿಡಿದಳು. ಮೊಣಕಾಲು ನೋವಿನ ಗೆಳೆಯ ಚಂಗನೆ ಇಳಿದು ಬಂದು ಇನ್ನೊಂದು ರಟ್ಟೆ ಹಿಡಿದ. ಇಬ್ಬರೂ ಸೇರಿ ನನ್ನನ್ನು ಕಾರಿನಲ್ಲಿ ಕೂರಿಸಿ ಬೆಲ್ಟು ಬಿಗಿದರು.

ಸೈಕಲ್ಲನ್ನು ಅವಳು ಮಾರಲಿಲ್ಲ. ಅಂದು ಸಂಜೆಯೇ ಅದರ ಸೀಟು ನಾಲ್ಕು ಬೆರಳು ಕೆಳಗಿಳಿಯಿತು. ಈಗ ಪ್ರತಿ ಭಾನುವಾರ ಅವಳು ಮುಂದೆ ಸೈಕಲ್ಲಿನಲ್ಲಿ, ನಾನು ಹಿಂದೆ ಕಾರಿನಲ್ಲಿ. ಏರಿನಲ್ಲಿ ಗೇರ್ ಬದಲಿಸು ಎಂದು ಕಿಟಕಿಯಿಂದ ಕೂಗಿದರೆ ಅವಳು ತಿರುಗಿಯೂ ನೋಡುವುದಿಲ್ಲ.

"ತಲೆಗೆ ಪೆಟ್ಟಾದೋರು ಸುಮ್ನೆ ಕೂತ್ಕೋಬೇಕು ರೀ," ಎನ್ನುತ್ತಾಳೆ.