ಕಣ್ಣಿಗೆ ಚುಚ್ಚುವ ಸೂಜಿ

ಶಿವಗಂಗಾ ಹೇಳಿದ ಮಾತನ್ನು ನಾಗಲಿಂಗಮ್ಮ ಅರ್ಧ ಮಾತ್ರ ಕೇಳಿಸಿಕೊಂಡದ್ದೇ ಅವತ್ತಿನ ರಂಪಕ್ಕೆಲ್ಲ ಮೂಲ.

ಕೊಟ್ಟೂರಿನ ಟೇಲರ್ ಗಾಳೆಪ್ಪನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಎರಡು ತಿಂಗಳಿಂದ ನೆಟ್ಟಗಿನ ಹೊಲಿಗೆಯೂ ಅವನ ಬಲಗಣ್ಣಿಗೆ ಹಾವಿನಂತೆ ಹೊರಳುತ್ತಿತ್ತು. ಹಗರಿಬೊಮ್ಮನಹಳ್ಳಿಯ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನೊಳಗೇ ಇಂಜೆಕ್ಷನ್ ಕೊಡಬೇಕು, ಮಂಗಳವಾರ ಬನ್ನಿ ಎಂದಿದ್ದರು. ಆ ಮಂಗಳವಾರ ಬೆಳಿಗ್ಗೆ, ಐದು ತಿಂಗಳ ಬಸುರಿ ಮಗಳು ಶಿವಗಂಗಾ ಅದನ್ನು ಪಕ್ಕದ ಮನೆಯ ನಾಗಲಿಂಗಮ್ಮನಿಗೆ ಬಿಡಿಸಿ ಹೇಳಿದಳು.

"ಮೈಯಾಗ ಒಂದು ಪ್ರೋಟೀನ್ ಇರ್ತೈತಿ ದೊಡ್ಡವ್ವಾ. ರಕ್ತನಾಳ ಬೆಳಸೋದು ಅದರ ಕೆಲಸ. ಹೊಟ್ಯಾಗಿನ ಕೂಸು ಬೆಳಿಯಾಕ ಅದು ಬೇಕೇ ಬೇಕು. ಅಪ್ಪನ ಕಣ್ಣಾಗ ಅದೇ ಅತಿಯಾಗಿ, ಬ್ಯಾಡಾದ ಕಡೆ ನಾಳ ಬೆಳಸಾಕ ಹತ್ತೇತಿ. ಅವು ಸೋರಾಕ ಹತ್ಯಾವ. ಇಂಜೆಕ್ಷನ್ ಅದನ್ನ ತಡಿತೈತಿ."

ನಡುವೆ ಕುಕ್ಕರ್ ಕೂಗಿತು. ನಾಗಲಿಂಗಮ್ಮನ ಕಿವಿಗೆ ಬಿದ್ದದ್ದು 'ಕೂಸು ಬೆಳಿಯಾಕ ಬೇಕು' ಮತ್ತು 'ಇಂಜೆಕ್ಷನ್ ತಡಿತೈತಿ' ಅಷ್ಟೇ.

ಒಂಬತ್ತು ಗಂಟೆಗೆ ಓಣಿಯ ಹೆಂಗಸರೆಲ್ಲ ಗಾಳೆಪ್ಪನ ಬಾಗಿಲಲ್ಲಿದ್ದರು.

"ಕೂಸಿನ ಬೆಳವಣಿಗಿ ನಿಲ್ಲಿಸೋ ಔಷಧ ಹಾಕಿಸ್ಕೊಂಡು ಬಸುರಿ ಇರೋ ಮನ್ಯಾಗ ಹೆಂಗ ಇರ್ತೀಯೋ ಗಾಳೆಪ್ಪಾ?" ನಾಗಲಿಂಗಮ್ಮ ಗದರಿದಳು. "ಹೆರಿಗಿ ಆಗೋತನಕ ಅಂಗಡ್ಯಾಗ ಮಲ್ಕೋ. ಇಲ್ಲಾ ಇಂಜೆಕ್ಷನ್ ಬಿಟ್ಟುಬಿಡು."

ಮೂವತ್ತು ವರ್ಷ ಸೂಜಿ ಹಿಡಿದು ಬದುಕಿದ ಗಾಳೆಪ್ಪನಿಗೆ ತನ್ನ ಕಣ್ಣಿಗೇ ಸೂಜಿ ಎಂದಾಗಿನಿಂದ ಅನ್ನ ಸೇರುತ್ತಿರಲಿಲ್ಲ. ಈ ನೆಪ, ಬಿಸಿಲಲ್ಲಿ ಕಾದವನಿಗೆ ಖಾಲಿ ಬಸ್ಸು ಸಿಕ್ಕಂತಾಯಿತು. ಎದೆಯ ಮೇಲೆ ಕೈಯಿಟ್ಟು ಹೇಳಿದ: "ಮೊಮ್ಮಗನಿಗಿಂತ ನನ್ನ ಕಣ್ಣು ದೊಡ್ಡದಲ್ಲಕ್ಕಾ. ಬ್ಯಾಡೇ ಬ್ಯಾಡ."

ಶಿವಗಂಗಾ ಸುಮ್ಮನಿರಲಿಲ್ಲ. ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು.

"ಔಷಧ ಅವರ ಕಣ್ಣಿಗಮ್ಮ. ಜೊತೆಗಿದ್ರೆ, ಮುಟ್ಟಿದ್ರೆ ನಿಮಗೇನೂ ಆಗಲ್ಲ. ತಡ ಮಾಡದೆ ಕಳಿಸಿ."

ಶಿವಗಂಗಾ ಕರೆಸಿದ ಆಟೋ ಡ್ರೈವರ್ ಇಸ್ರಾರ ಬಂದ. ದಾರಿಯಲ್ಲಿ ಕೋಗಳಿ ಊರು ದಾಟುವಷ್ಟರಲ್ಲಿ ಗಾಳೆಪ್ಪ ಮೂರು ಸಲ ಇಳಿದು ಬೇಲಿಯ ಮರೆಗೆ ಹೋದ. ಮೂರನೆಯ ಸಲ ಇಸ್ರಾರನೂ ಹಿಂದೆಯೇ ನಡೆದ. "ಗಾಳೆಪ್ಪಣ್ಣ, ಶಿವಗಂಗಕ್ಕಗ ಮಾತು ಕೊಟ್ಟೀನಿ. ಆಟೋ ಹತ್ತು."

ಆಸ್ಪತ್ರೆಯಲ್ಲಿ ಡಾಕ್ಟರು ಅವನ ಕಣ್ಣಿನೊಳಗಿನ ಫೋಟೋ ತೋರಿಸಿದರು. ಕೆಂಪು ದಾರದ ಉಂಡೆಯನ್ನು ಬೆಕ್ಕು ಎಳೆದಾಡಿದಂತಿತ್ತು.

"ಹೀಗೇ ಬಿಟ್ಟರೆ ಮೊಮ್ಮಗುವಿನ ಮುಖ ಕಾಣೋದಿಲ್ಲ, ಗಾಳೆಪ್ಪನವರೇ."

ಆ ಮಾತು ನಾಟಿತು. ಎದ್ದುನಿಂತು, "ಚುಚ್ರಿ" ಅಂದ. ಕಣ್ಣಿಗೆ ಹನಿ ಬಿತ್ತು, ತಲೆಗೆ ಹಸಿರು ಟೋಪಿ ಬಂತು. ಗಾಳೆಪ್ಪ ಮಂಚದ ಕಂಬಿ ಹಿಡಿದು, ಹಲ್ಲು ಕಚ್ಚಿ ಮಲಗಿದ. ನರ್ಸ್ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಸುತ್ತಿದಳು, ಗಾಬರಿಯಾಗಿ ಡಾಕ್ಟರನ್ನು ಕರೆದಳು.

"ಇನ್ನೂರರ ಮೇಲೆ ಬಿ.ಪಿ. ಇದೆ!" ಡಾಕ್ಟರು ಅಂದರು. "ಇವತ್ತು ಆಗಲ್ಲ. ಗುಳಿಗೆ ಬರೆದುಕೊಡ್ತೀನಿ. ಬರೋ ಮಂಗಳವಾರ ಬನ್ನಿ, ತಪ್ಪಿಸಬೇಡಿ."

ಹೊರಗೆ ಬಂದಾಗ ಹನಿ ಹಾಕಿದ ಕಣ್ಣು ಧಾರಾಕಾರ ಸುರಿಯುತ್ತಿತ್ತು.

"ಆತೇನಣ್ಣ?" ಇಸ್ರಾರ ಕೇಳಿದ.

ಗಾಳೆಪ್ಪ ಗುಳಿಗೆಯ ಚೀಟಿಯನ್ನು ಜೇಬಿಗಿಳಿಸಿದ. "ಆತು" ಅಂದ.

ಮಾತು ಅವನಿಗಿಂತ ಮೊದಲೇ ಫೋನಿನಲ್ಲಿ ಕೊಟ್ಟೂರು ಮುಟ್ಟಿತು. ಮನೆಯಲ್ಲಿ ಶಿವಗಂಗಾ ಅಪ್ಪನ ಕೈ ಹಿಡಿದು ಅತ್ತಳು. ನಿಜ ಹೇಳಲು ಬಾಯಿ ತೆರೆದ ಗಾಳೆಪ್ಪ ಅವಳ ಮುಖ ನೋಡಿ ಮುಚ್ಚಿಕೊಂಡ. ಓಣಿಯವರು ಸುತ್ತುವರಿದಾಗಂತೂ ಹಿಂದೆ ಸರಿಯುವ ದಾರಿಯೇ ಉಳಿಯಲಿಲ್ಲ. "ಅದೇನ್ರೀ, ಇರುವಿ ಕಚ್ಚಿದಂಗ! ಇನ್ನೊಂದು ಕಣ್ಣಿಗೂ ಹಾಕ್ರಿ ಅಂದೆ, ಡಾಕ್ಟರೇ ಬ್ಯಾಡಂದ್ರು."

ಜನ ಚದುರಿದ ಮೇಲೆ ನಾಗಲಿಂಗಮ್ಮ ಬಂದಳು. ಅಂಗಡಿಗೆ ಅಟ್ಟಲು ಬಂದಳೆಂದು ಗಾಳೆಪ್ಪ ಹಾಸಿಗೆ ಸುತ್ತಿಕೊಂಡ. ಅವಳು ಅವನನ್ನು ಮೂಲೆಗೆ ಕರೆದಳು.

"ಖರೇನ ನೋವಾಗ್ಲಿಲ್ಲೇನೋ?"

"ಒಂಚೂರೂ ಇಲ್ಲಕ್ಕಾ."

"ನನಗೂ ಅದೇ ರೋಗ ಐತೋ ಗಾಳೆಪ್ಪಾ. ಅದೇ ಡಾಕ್ಟರು ಅದೇ ಇಂಜೆಕ್ಷನ್ ಬರ್ದು ಮೂರು ತಿಂಗಳಾತು. ಅಂಜಿಕೊಂಡು ಮನ್ಯಾಗ ಯಾರಿಗೂ ಹೇಳಿಲ್ಲ. ನಿಂದೂ ತಪ್ಪಿದ್ರ ನನಗ ಸಮಾಧಾನ ಅಂತ ಬೆಳಿಗ್ಗೆ ಅಷ್ಟು ಕೂಗ್ಯಾಡಿದೆ." ಅವಳು ಕಣ್ಣೊರೆಸಿಕೊಂಡಳು. "ನಿನ್ನ ಮಾತು ಕೇಳಿ ಧೈರ್ಯ ಬಂತು. ಈಗಷ್ಟೇ ಆಸ್ಪತ್ರಿಗೆ ಫೋನ್ ಹಚ್ಚಿದ್ದೆ. ಬರೋ ಮಂಗಳವಾರ ನನ್ನ ಪಾಳಿ. ನೀನು ಬಂದು ನನ್ನ ಪಕ್ಕದಾಗ ನಿಂತು, ಎಷ್ಟು ಸಲೀಸಂತ ಡಾಕ್ಟರ ಮುಂದನೇ ಹೇಳ್ಬೇಕು!"

"ಬರ್ತಾರ ದೊಡ್ಡವ್ವಾ," ಒಳಗಿನಿಂದ ಶಿವಗಂಗಾ ಕೂಗಿದಳು. "ನಾನೂ ಬರ್ತೀನಿ."