ಇಪ್ಪತ್ತೆರಡು ‘ಹ್ಯಾಂಡ್’ಗಳ ಅರ್ಜಿ

ಪುಟ್ಟಸಿದ್ದಯ್ಯ ಮೇಷ್ಟ್ರು ತಮಗೆ ಬಂದ ಇಂಗ್ಲಿಷಿನಲ್ಲಿ ಬರೆದು ತಂದಿದ್ದ ಅರ್ಜಿ ನಾಲ್ಕೇ ಸಾಲಿನದು. ಎಡವಟ್ಟಾದದ್ದು ಅಷ್ಟು ಚಿಕ್ಕದಾದದ್ದರಿಂದಲೇ. ಅದರಲ್ಲಿದ್ದದ್ದು ಇಷ್ಟೇ: ಕಾಡಂಚಿನ ಮಾರ್ಟಳ್ಳಿಯಿಂದ ಕೊಳ್ಳೇಗಾಲಕ್ಕೆ ವರ್ಗ ಬೇಕು. ಅಲ್ಲಿಗೆ ಹತ್ತಿರದ ಮಾಂಬಳ್ಳಿಯಲ್ಲಿ ಹೆಂಡತಿ ಶಿವರತ್ನಮ್ಮನಿಗೆ ದಿನ ತುಂಬುತ್ತಿದೆ. ಹಿಂದಿನ ಎರಡು ಕೂಸುಗಳು ಹುಟ್ಟಿದಾಗಲೂ ಮಣ್ಣಾದಾಗಲೂ ತಾನು ಹತ್ತಿರವಿರಲಿಲ್ಲ. ಈ ಸಲವಾದರೂ ಇರಬೇಕು.

ಕೊಯಮತ್ತೂರಿನಿಂದ ಬಂದಿದ್ದ ಶಾಲಾ ಇಲಾಖೆಯ ಸಾಹೇಬರು ಸಂಜೆಯವರೆಗೆ ಕೊಳ್ಳೇಗಾಲದ ಬಂಗಲೆಯಲ್ಲಿದ್ದರು. ನೆಟ್ಟಗೆ ಹೋಗಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ದಾರಿಯಲ್ಲಿ ರೇಷ್ಮೆ ವ್ಯಾಪಾರದ ವೃಷಭೇಂದ್ರಪ್ಪ ಸಿಕ್ಕಿ, ಕಾಗದ ಕಿತ್ತುಕೊಂಡು ನೋಡಿ, ಉಪ್ಪಿಲ್ಲದ ಸಾರು ಎಂದು ಮೂಗು ಮುರಿದು, ತಾಲ್ಲೂಕು ಕಚೇರಿಯೆದುರಿನ ಹುಣಸೆಮರದಡಿಗೆ ಎಳೆದೊಯ್ದರು. ಅಲ್ಲಿ ಅರ್ಜಿ ಬರೆಯುವ ಶಿವನಂಜಯ್ಯ ಚಾಪೆ ಹಾಸಿ ಕೂತಿದ್ದರು.

ಆಗ ಕೊಳ್ಳೇಗಾಲ ಮದರಾಸು ಸರ್ಕಾರದ್ದು, ಸಾಹೇಬರಿಗೆ ಕನ್ನಡ ಬಾರದು. ಹಾಗಾಗಿ ಅರ್ಜಿಯಲ್ಲಿ ಇಂಗ್ಲಿಷ್ ನುಡಿಗಟ್ಟು ಹೆಚ್ಚಿದಷ್ಟೂ ಕೆಲಸ ಬೇಗ ಎಂಬುದು ಊರಿನ ನಂಬಿಕೆ. ಶಿವನಂಜಯ್ಯನವರ ನೋಟುಪುಸ್ತಕದಲ್ಲಿ ಜಮೀನಿನ ತಕರಾರಿಗೆ ‘ಫೂಟ್’ ಪದವಿರುವ ಮಾತುಗಳು, ಗಂಡಹೆಂಡಿರ ವ್ಯಾಜ್ಯಕ್ಕೆ ‘ಹಾರ್ಟ್’, ನೌಕರಿಗೆ ‘ಹ್ಯಾಂಡ್’.

“ಎಡ್ತಿ ಬಸುರಿ ಅಂತ ನೂರು ಅರ್ಜಿ ಬತ್ತವೆ ಮೇಷ್ಟ್ರೇ. ನಾನು ಇಂಗೆ ಬರುದ್ರೆ ಸಾಯೇಬ್ರು ನಿಮ್ಮ ಮಕ ನೋಡಬೇಕು” ಎಂದು ಶಿವನಂಜಯ್ಯ ಹೊಸ ಅರ್ಜಿ ಶುರುಮಾಡಿದರು. ‘ಹ್ಯಾಂಡ್ ಟು ಮೌತ್’ ಅಂದರೆ ಅಂದಿನ ದುಡಿಮೆ ಅಂದಿನ ಊಟಕ್ಕೇ ಸರಿ. ‘ಓಲ್ಡ್ ಹ್ಯಾಂಡ್’ ಅಂದರೆ ಕೆಲಸದಲ್ಲಿ ಪಳಗಿದವನು. ಮರದಡಿ ಸೇರಿದವರೆಲ್ಲ, ಬೀಗರಿಗೆ ಹೋಳಿಗೆ ಬಡಿಸುವವರಂತೆ, ಇನ್ನೊಂದಿರಲಿ ಇನ್ನೊಂದಿರಲಿ ಎಂದರು. ಸಾಹೇಬರು ಕೇಳಿಬಿಟ್ಟರೆ ಎಂದು ಮೇಷ್ಟ್ರಿಗೆ ಅರ್ಥಗಳನ್ನೂ ಉರು ಹೊಡೆಸಿದರು. ಇಪ್ಪತ್ತೆರಡಾಗುವಷ್ಟರಲ್ಲಿ ಹೊತ್ತು ಇಳಿದಿತ್ತು. ಸಾಹೇಬರ ಕಾರು ಹೊರಡುತ್ತಿದೆ ಎಂದು ಯಾರೋ ಕೂಗಿದರು. ಓದಿ ನೋಡಲೂ ಬಿಡದೆ ವೃಷಭೇಂದ್ರಪ್ಪ ಮೇಷ್ಟ್ರನ್ನು ದಬ್ಬಿದರು.

ಸಾಹೇಬರು ನಿಂತಲ್ಲೇ ಓದಿದರು. ಓದುತ್ತ ಓದುತ್ತ ಮುಖ ಅರಳಿತು. ನಾಲ್ಕೈದರ ಅರ್ಥ ಕೇಳಿದರು. ಮೇಷ್ಟ್ರು ತಡವರಿಸದೆ ಒಪ್ಪಿಸಿದರು. ಇಂಥ ಇಂಗ್ಲಿಷಿನವರು ಕಾಡಂಚಿನಲ್ಲಿ ಕೊಳೆಯುವುದೇ ಎಂದು ಮರುಗಿ, ಅಲ್ಲೇ ವರ್ಗದ ಆದೇಶಕ್ಕೆ ಸಹಿ ಹಾಕಿದರು. ತಮಿಳು ಸೀಮೆಯ ಧಾರಾಪುರದಲ್ಲಿ ಇಂಗ್ಲಿಷ್ ಮೇಷ್ಟ್ರಿರಲಿಲ್ಲ. ಸೋಮವಾರವೇ ಅಲ್ಲಿ ಹಾಜರಾಗಬೇಕು.

ಧಾರಾಪುರದಿಂದ ಮಾಂಬಳ್ಳಿಗೆ ಎರಡು ದಿನದ ದಾರಿ. ಮೇಷ್ಟ್ರು ಕೊಳ್ಳೇಗಾಲ, ಹೆಂಡತಿ, ಹೆರಿಗೆ ಎಂದು ತಮ್ಮ ಇಂಗ್ಲಿಷಿನಲ್ಲಿ ಹೇಗೋ ಹೇಳಿದರು. ಅದೆಲ್ಲ ಎಲ್ಲಿದೆ ಎಂದು ಸಾಹೇಬರು ಕಾಗದವನ್ನೇ ಮುಂದೆ ಹಿಡಿದರು. ಮೇಷ್ಟ್ರು ಎರಡು ಸಲ ಹುಡುಕಿದರು. ಊರಿನ ಹೆಸರಿರಬೇಕಾದಲ್ಲಿ ‘ಐ ಆಮ್ ಇನ್ ಯುವರ್ ಹ್ಯಾಂಡ್ಸ್’ ಎಂದಿತ್ತು, ಅಂದರೆ ತಾವು ನಡೆಸಿದಂತೆ. ಹೆಂಡತಿಯ ಸುದ್ದಿಯೇ ಇರಲಿಲ್ಲ. ಇನ್ನೊಂದು ಅರ್ಜಿ ಕೊಡಿ, ಆರು ತಿಂಗಳಿಗೆ ಮತ್ತೆ ಬರುತ್ತೇನೆ ಎಂದು ಸಾಹೇಬರು ಪ್ರೀತಿಯಿಂದಲೇ ಹೇಳಿ ಕಾರು ಹತ್ತಿದರು.

ಮರದಡಿಗೆ ಮರಳಿದ ಮೇಷ್ಟ್ರು ಹೆಂಡತಿಯ ವಿಷಯ ಎಲ್ಲಿ ಹೋಯಿತೆಂದು ಕೇಳಿದರು. “ಅದಾ? ಜಾಗ ಸಾಲ್ನಿಲ್ಲ, ಬುಟ್ಬುಟ್ಟೆ. ಕೆಲ್ಸ ಆಯ್ತಲ್ಲ ಬುಡಿ” ಎಂದರು ಶಿವನಂಜಯ್ಯ. ಮರದಡಿಯವರು ಮೇಷ್ಟ್ರಿಗೆ ಕಾಫಿ ಕುಡಿಸಿ, ಅಂಥದೇ ಅರ್ಜಿ ತಮಗೂ ಬೇಕೆಂದು ಸಾಲು ನಿಂತರು.

ಮೇಷ್ಟ್ರು ಅಂಚೆ ಕಚೇರಿಯ ಜಗಲಿಯಲ್ಲಿ ಕೂತು ಮಾಂಬಳ್ಳಿಗೆ ಒಂದು ಕಾರ್ಡು ಬರೆದರು. ವರ್ಗವಾಯಿತು ಎಂದು ಬರೆದರು. ಎಲ್ಲಿಗೆ ಎಂದು ಬರೆಯಲು ಕೈ ಏಳಲಿಲ್ಲ.