ಮಡಿ, ಹಿಮ್ಮಡಿ ಮತ್ತು ನನ್ನ ಚಹಾ

ಮನೆಯಲ್ಲಿ ಒಬ್ಬರು ಮಡಿಯಲ್ಲಿದ್ದರೆ ಗಂಡಸು ಹೇಗೋ ಬದುಕಿಕೊಳ್ಳುತ್ತಾನೆ. ಇಬ್ಬರು ಮಡಿಯಲ್ಲಿದ್ದರೆ ಅವನಿಗೆ ಮುಂಜಾನೆಯ ಚಹಾ ಸಿಗುವುದಿಲ್ಲ. ಎಪ್ಪತ್ಮೂರನೆಯ ಇಸವಿಯ ಚಳಿಗಾಲದಲ್ಲಿ, ಬೈಕುಲ್ಲಾದ ಚಾಳಿನ ನಮ್ಮ ಎರಡು ಕೋಣೆಯ ಅರಮನೆಯಲ್ಲಿ, ನನಗೆ ಈ ಪರಮಸತ್ಯದ ಸಾಕ್ಷಾತ್ಕಾರವಾಯಿತು.

ಮೊದಲನೆಯ ಮಡಿ ನನ್ನ ಅವ್ವನದು. ಹೆಸರು ಇಂದ್ರಾಬಾಯಿ, ಊರು ಬಾಗಲಕೋಟೆ. ಮಗನ ಸಂಸಾರ ನೋಡಿಕೊಂಡು ಹೋಗುತ್ತೇನೆಂದು ಬಂದು ಒಂದು ವರ್ಷವಾಗಿತ್ತು (ಇನ್ನೂ ನೋಡಿ ಮುಗಿದಿರಲಿಲ್ಲ). ಐದಕ್ಕೆ ಸ್ನಾನ ಮಾಡಿ, ಉಣ್ಣೆಯ ಧಾಬಳಿ ಉಟ್ಟು ದೇವರ ಮುಂದೆ ಕುಳಿತಳೆಂದರೆ ಮುಗಿಯಿತು. ಹತ್ತು ಗಂಟೆಯವರೆಗೆ ಆಕೆ ಯಾರನ್ನೂ ಮುಟ್ಟುವಂತಿಲ್ಲ, ಯಾರೂ ಆಕೆಯನ್ನು ಮುಟ್ಟುವಂತಿಲ್ಲ. ಇದಕ್ಕೆ ನನ್ನ ತಕರಾರಿಲ್ಲ. ಹುಟ್ಟಿದಾಗಿನಿಂದ ರೂಢಿಯಾಗಿದೆ.

ಎರಡನೆಯ ಮಡಿ ನನ್ನ ಹೆಂಡತಿ ವಿನೋದಿನಿಯದು. ಅದು ಡಬ್ಬಿಯಲ್ಲಿ ಬಂತು. ನಸುಕಿನಲ್ಲಿ ಬರುವ ನಳದ ತಣ್ಣೀರು, ಪಾತ್ರೆ ತಿಕ್ಕುವ ಸೋಡಾ, ಮೇಲೆ ಡಿಸೆಂಬರಿನ ಗಾಳಿ. ಮೂರೂ ಸೇರಿ ಅವಳ ಅಂಗೈ ಬಿರುಕು ಬಿಟ್ಟು ರಕ್ತ ಒಸರುತ್ತಿತ್ತು. ನನಗೆ ನಿಜವಾಗಿಯೂ ಕೆಡುಕೆನಿಸುತ್ತಿತ್ತು. ಆದರೆ ನನಗೆ ಕೆಡುಕೆನಿಸಿದ ಮಾತ್ರಕ್ಕೆ ಬಿರುಕು ಮುಚ್ಚಲಿಲ್ಲ. ಕೊನೆಗೆ ಪಕ್ಕದ ಖೋಲಿಯ ಉಡುಪಿಯ ವಾರಿಜಾ ಒಂದು ಕ್ರೀಮಿನ ಡಬ್ಬಿ ತಂದುಕೊಟ್ಟು ಮಂತ್ರೋಪದೇಶ ಮಾಡಿದರು.

"ತೊಳೆದ ಕೈ ಪೂರಾ ಒಣಗುವ ಮೊದಲೇ ಹಚ್ಚಬೇಕು ಮಾರಾಯ್ರೆ. ಮತ್ತೆ ಅರ್ಧ ಗಂಟೆ ಎಂತದೂ ಮುಟ್ಲಿಕ್ಕಿಲ್ಲ."

ಆ ಅರ್ಧ ಗಂಟೆ ಯಾವುದು ಗೊತ್ತೇ? ಆರೂವರೆಯಿಂದ ಏಳು. ಪಾತ್ರೆ ತೊಳೆದು ಮುಗಿಯುವುದು ಆಗ, ನನ್ನ ಚಹಾದ ಹೊತ್ತೂ ಆಗಲೇ. ವಿನೋದಿನಿ ಎರಡೂ ಅಂಗೈ ಮೇಲೆತ್ತಿ, ಭಕ್ತರಿಗೆ ಅಭಯ ಕೊಡುವ ದೇವಿಯಂತೆ ಕೂತುಬಿಡುತ್ತಿದ್ದಳು. ವರ ಮಾತ್ರ ಇಲ್ಲ.

"ಚಹಾ?" ಎಂದೆ ನಾನು.

"ಕೈಯಾಗ ಕ್ರೀಮ್ ಅದರೀ, ಕಾಣೂದಿಲ್ಲೇನು? ಸ್ಟೋವ್ ಮುಟ್ಟಿದ್ರ ಎಲ್ಲಾ ಹೋಗ್ತದ."

"ನಾನು ಹೋಗ್ತೀನಿ, ಅದರ ಚಿಂತಿ ಇಲ್ಲೇನು?"

"ನೀವು ಎಲ್ಲಿಗೆ ಹೋಗ್ತೀರಿ? ಸಂಜಿಕ್ಕೆ ಮತ್ತ ಬರ್ತೀರಲ್ಲ."

ಇರಾಣಿ ಹೋಟೆಲಿನಲ್ಲಿ ಕುಡಿಯಬಾರದೇ ಎಂದು ನೀವು ಕೇಳಬಹುದು. ನೀವು ಚಾಳಿನಲ್ಲಿ ಇದ್ದವರಲ್ಲ. ಚಹಾ ಒಳಗೆ ಹೋಗದೆ ನನ್ನ ಹೊಟ್ಟೆಯ ಲೋಕಲ್ ರೈಲು ಯಾರ್ಡಿನಿಂದಲೇ ಹೊರಡುವುದಿಲ್ಲ. ನಮ್ಮ ಮಹಡಿಗೆ ಇರುವುದು ಎರಡೇ ಸಂಡಾಸು, ಹದಿನೆಂಟು ಸಂಸಾರ. ಇರಾಣಿಯವನ ಹತ್ತಿರ ಹೋಗಿ ಬರುವಷ್ಟರಲ್ಲಿ ಸಾಲು ಜಿನೆಯ ಮೆಟ್ಟಿಲಿಗೆ ಬಂದಿರುತ್ತದೆ. ಆಮೇಲೆ ಬಾಂದ್ರಾದ ಆಫೀಸಿನಲ್ಲಿ ದಿನವಿಡೀ ಕುರ್ಚಿಯ ಮೇಲೆ ಹೊರಳಾಡುವವನು ನಾನು, ಅವಳಲ್ಲ.

ಶತ್ರುವನ್ನು ಗೆಲ್ಲಬೇಕಾದರೆ ಅವನ ಕುಲಗೋತ್ರ ತಿಳಿಯಬೇಕಂತೆ. ಡಬ್ಬಿಯ ಬೆನ್ನು ಓದಿದೆ. ಸಣ್ಣ ಅಕ್ಷರದಲ್ಲಿ 'ಲ್ಯಾನೋಲಿನ್' ಎಂದಿತ್ತು. ವಯೋಲಿನ್ನಿನ ತಮ್ಮನಂತೆ ಕೇಳಿಸುವ ಈ ಪದಾರ್ಥ ಯಾವುದೆಂದು ತಿಳಿಯಲು ಭಾನುವಾರ ಪವಾಯಿಗೆ ಹೋದೆ. ಅಲ್ಲಿಯ ಇಂಜಿನಿಯರಿಂಗ್ ಸಂಸ್ಥೆಯ ಲ್ಯಾಬೊರೇಟರಿಯಲ್ಲಿ ನನ್ನ ಗೆಳೆಯ, ಗದಗಿನ ಅಣವೀರಪ್ಪ, ಅಸಿಸ್ಟಂಟ್.

"ಕುರಿ ಮೈಯಾಗ ಒಂದು ಜಿಡ್ಡು ಇರ್ತೈತ್ರಿ ರಾಯರ," ಎಂದ ಆತ, ನನ್ನ ಜೊತೆ ಬಸ್‌ಸ್ಟಾಪಿನವರೆಗೆ ಬಂದು. "ಮಳಿಯಾಗ ಉಣ್ಣಿ ತೊಯ್ಯಬಾರದಂತ ದೇವರು ಕೊಟ್ಟದ್ದು. ಉಣ್ಣಿ ಕತ್ತರಿಸಿ ತೊಳದ್ರ ಆ ಕೊಬ್ಬು ಬಿಡ್ತೈತಿ, ಅದನ್ನ ಸ್ವಚ್ಛ ಮಾಡಿದ್ರ ಲ್ಯಾನೋಲಿನ್. ಚರ್ಮದಾಗಿನ ಪಸಿ ಆರದಂಗ ಹಿಡಿತೈತಿ. ಒಡದ ಕೈಗೆ ಭಾಳ ಛಲೋ ಮಾಲು. ಆದ್ರ ಒಂದು ಮಾತು ಐತ್ರಿ..."

ಆ ಒಂದು ಮಾತು ಕೇಳಲು ನಾನು ನಿಲ್ಲಲಿಲ್ಲ. ಕುರಿ, ಕೊಬ್ಬು! ನನಗೆ ಬೇಕಾದ ಎರಡು ಶಬ್ದ ಸಿಕ್ಕಿದ್ದವು. ಬಸ್ಸು ಬಂತು, ಹಾರಿ ಹತ್ತಿದೆ.

ಸಂಜೆ ಅವ್ವ ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡೆ.

"ಅವ್ವಾ, ನಿನ್ನ ಸೊಸಿ ದಿನಾ ಮುಂಜಾನೆ ಕೈಗೆ ಏನು ಹಚ್ಕೋತಾಳ ಗೊತ್ತದ ಏನು? ಕುರಿ ಕೊಬ್ಬು!"

ಬತ್ತಿ ಅವ್ವನ ಕೈಯಿಂದ ಜಾರಿತು. "ಶ್ರೀಹರಿ! ಅದೇ ಕೈಲೆ ನನ್ನ ನೀರಿನ ತಂಬಿಗಿ ತುಂಬ್ಯಾಳೇನೋ!"

"ಅದ್ಕ ಹೇಳಿದ್ದು. ಆ ಡಬ್ಬಿ ಈ ಮನ್ಯಾಗ ಇರಬಾರದು."

ವಿನೋದಿನಿ ಒಳಗಿನಿಂದ ಬಂದಳು. "ಯಾರಿಗೆ ಕೊಬ್ಬು ಬಂದದ ಅಂತ ನನಗ ಗೊತ್ತದ. ದೇವರ ದೀಪದ ಮುಂದ ನಿಂತೀರಿ, ಖರೇ ಹೇಳ್ರಿ. ಕುರಿ ಕೊಯ್ದು ತಗೀತಾರೇನು?"

ದೀಪ ನನ್ನನ್ನೇ ನೋಡುತ್ತಿತ್ತು. "ಕೊಯ್ಯೂದಿಲ್ಲ," ಎಂದೆ. "ಉಣ್ಣಿ ತೊಳದು ತಗೀತಾರಂತ."

"ಏನಂದಿ?" ಅವ್ವ ನೆಟ್ಟಗೆ ಕೂತಳು. "ಉಣ್ಣಿ ತೊಳದದ್ದಾ? ಹಂಗಂತ ಮೊದಲ ಬಾಯಿಬಿಟ್ಟು ಹೇಳಬಾರದೇನೋ ಖೋಡಿ! ಉಣ್ಣಿಗೆ ಎಲ್ಲಿ ಮೈಲಿಗಿ ಅದ? ನಾ ದಿನಾ ಉಡೂದು ಏನು? ಧಾಬಳಿ! ಅದರಾಗಿಂದ ಬಂದದ್ದಂದ್ರ ಅಪ್ಪಟ ಮಡಿ. ವಿನೋದಿನಿ, ಆ ಡಬ್ಬಿ ಇಲ್ಲಿ ತಾ. ಹಿಮ್ಮಡಿ ಒಡದು ಒಡದು ನೆಲಕ್ಕ ಕಾಲೂರಲಿಕ್ಕೆ ಆಗವಲ್ದು ನನಗ."

ಹೀಗೆ ನಮ್ಮ ಮನೆಯ ಮಡಿ ಒಂದೇ ಸಂಜೆಯಲ್ಲಿ ಹಿಮ್ಮಡಿಯವರೆಗೆ ವಿಸ್ತಾರವಾಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಅತ್ತೆ-ಸೊಸೆ ಒಂದು ವರ್ಷದಲ್ಲಿ ಮೊದಲ ಸಲ ಒಂದೇ ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದರು, ಅದೂ ನನ್ನ ವಿರುದ್ಧ.

ಮರುದಿನ ಆರೂವರೆಗೆ ನೋಡುತ್ತೇನೆ, ಸೊಸೆ ಅಂಗೈ ಮೇಲೆತ್ತಿ ಕೂತಿದ್ದಾಳೆ. ಅತ್ತೆ ಕಾಲು ಚಾಚಿ ಕೂತಿದ್ದಾಳೆ. ಜಾರಿ ಬಿದ್ದೇನೆಂಬ ಹೆದರಿಕೆಗೆ ಏಳುವಂತಿಲ್ಲ.

"ಪಲ್ಲ್ಯಾ, ಇವತ್ತ ಚಹಾ ನೀನ ಮಾಡಪಾ," ಎಂದಳು ಅವ್ವ. (ನನ್ನ ಹೆಸರು ಪ್ರಲ್ಹಾದರಾವ. ಆಫೀಸಿನಲ್ಲಿ ರಾವ್‌ಸಾಹೇಬ, ಮನೆಯಲ್ಲಿ ಬದನೆಕಾಯಿ ಪಲ್ಯಕ್ಕೂ ನನಗೂ ಒಂದೇ ಹೆಸರು.) "ಆದ್ರ ನನಗ ಮಡೀಲೇ ಆಗಬೇಕು. ಸ್ನಾನ ಮಾಡಿ ನಿಮ್ಮಪ್ಪನ ಧಾಬಳಿ ಉಟ್ಕೊ."

ಬರಿ ಮೈಮೇಲೆ ಧಾಬಳಿ ಉಡುವುದೆಂದರೆ ಕೆಂಜಿರುವೆಯ ಗೂಡಿನಲ್ಲಿ ಕೂತಂತೆ. ಒಂದು ಕೈಯಿಂದ ಸ್ಟೋವಿಗೆ ಪಂಪು ಹೊಡೆದೆ, ಇನ್ನೊಂದರಿಂದ ತುರಿಸಿಕೊಂಡೆ. ಚಹಾ ಆಗುವಷ್ಟರಲ್ಲಿ ಸೊಂಟದ ಸುತ್ತ ಕೆಂಪು ಪಟ್ಟಿ ಎದ್ದಿತ್ತು. ವಿನೋದಿನಿ ನೋಡಿ ಕರಗಿಹೋದಳು.

"ಅಯ್ಯ, ಬರ್ರಿ ಇಲ್ಲೆ. ಸ್ವಲ್ಪ ಕ್ರೀಮ್ ಹಚ್ತೀನಿ, ತಂಪಾಗ್ತದ."

ಹಚ್ಚಿದಳು. ಸೊಂಟಕ್ಕೆ, ಬೆನ್ನಿಗೆ, ಕುತ್ತಿಗೆಗೆ. ಮದುವೆಯಾಗಿ ಎಂಟು ವರ್ಷದಲ್ಲಿ ಇಷ್ಟು ಉಪಚಾರ ನನಗೆ ಸಿಕ್ಕಿರಲಿಲ್ಲ. ದುರಾಸೆ ಕೆಟ್ಟದ್ದು, ಮುಖಕ್ಕೂ ಹಚ್ಚು ಎಂದೆ.

ಸಂಜೆ ಆಫೀಸಿನಿಂದ ಬಂದು ಕನ್ನಡಿ ನೋಡಿದರೆ ಅದರೊಳಗೆ ಬೇರೆ ಯಾರೋ ಇದ್ದರು. ಕಣ್ಣು ಊದಿ ಅರ್ಧ ಮುಚ್ಚಿದ್ದವು, ಮುಖದ ತುಂಬ ದದ್ದು. ಆಗ ಸಿಡುಬಿನ ಹೆದರಿಕೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಅವ್ವ ಎರಡೂ ಕೈ ಜೋಡಿಸಿ, "ನನ್ನ ಕೂಸಿನ ಮೈಮ್ಯಾಲೆ ಅಮ್ಮ ಬಂದಾಳ!" ಎಂದು ಕೂಗಿದಳು.

ನನ್ನನ್ನು ಮೂಲೆಯಲ್ಲಿ ಚಾಪೆಯ ಮೇಲೆ ಸ್ಥಾಪನೆ ಮಾಡಿ, ತಲೆದೆಸೆಗೆ ಬೇವಿನ ಸೊಪ್ಪು ಇಟ್ಟರು. ಕ್ರೀಮಿನಿಂದ ಆಗಿದ್ದು ಎಂದರೆ ಯಾರೂ ಕೇಳಲಿಲ್ಲ. "ಮಡಿ ಪದಾರ್ಥ ಕೆಡಕು ಮಾಡೂದಿಲ್ಲ," ಎಂದಳು ಅವ್ವ. ವಿನೋದಿನಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅದು ನಾಟಕವಾಗಿರಲಿಲ್ಲ, ನನಗೂ ಕಣ್ಣು ತುಂಬಿತು, ಆದರೆ ಊದಿದ್ದರಿಂದ ನೀರು ಹೊರಗೆ ಬರಲಿಲ್ಲ. ಊಟಕ್ಕೆ ಬರೀ ಮೊಸರನ್ನ. ಚಹಾ?

"ಅಮ್ಮ ಬಂದವರಿಗೆ ಚಹಾ! ಉಷ್ಣ ಅದು. ಹೆಸರು ಎತ್ತಬ್ಯಾಡ."

ಎರಡು ದಿನ ಚಹಾ ಇಲ್ಲ. ಲೋಕಲ್ಲೂ ಯಾರ್ಡಿನಿಂದ ಹೊರಡಲಿಲ್ಲ.

ಮೂರನೆಯ ದಿನ ಸುದ್ದಿ ಕೇಳಿ ಅಣವೀರಪ್ಪ ಓಡಿ ಬಂದ. ನನ್ನ ಮುಖ ನೋಡಿದ, ಡಬ್ಬಿ ನೋಡಿದ, ಹಣೆ ಬಡಿದುಕೊಂಡ.

"ಇದು ಅಮ್ಮ ಅಲ್ರಿ ಅವ್ವಾರ, ಕುರಿ! ಒಬ್ಬೊಬ್ಬರ ಮೈಗೆ ಈ ಲ್ಯಾನೋಲಿನ್ ಆಗಿಬರಂಗಿಲ್ಲ. ಮೊದಲ ಮೊಣಕೈ ಕಡೆ ಒಂದೀಟು ಹಚ್ಚಿ, ಒಂದೆರಡು ದಿನ ನೋಡಿ, ಆಮ್ಯಾಲೆ ಮುಂದಿಂದು. ಇದನ್ನ ಹೇಳೂದ್ರಾಗ ರಾಯರು ಬಸ್ಸು ಹತ್ತಿದ್ರು. ಡಾಕ್ಟರಿಗೆ ತೋರಸ್ರಿ, ನಾಕು ದಿನದಾಗ ಇಳಿತೈತಿ."

"ಚಹಾ ಕುಡೀಬಹುದೇನೋ?" ಎಂದೆ.

"ಧಾರಾಳ ಕುಡೀರಿ!"

ಬೇವಿನ ಸೊಪ್ಪು ಒದ್ದು ಎದ್ದು ಕುಳಿತೆ. "ಕೇಳಿದ್ರ್ಯಾ ಇಬ್ಬರೂ? ಆ ಡಬ್ಬಿ ಈಗಿಂದೀಗ ಹೊರಗ ಹೋಗಬೇಕು!"

ಅವ್ವ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ವಿನೋದಿನಿ ತನ್ನ ಅಂಗೈ ನೋಡಿಕೊಂಡಳು. ನಾನೂ ನೋಡಿದೆ. ಬಿರುಕು ಮುಚ್ಚಿತ್ತು, ಹೊಸ ಚರ್ಮ ಬಂದಿತ್ತು. ಮದುವೆಯಲ್ಲಿ ಧಾರೆಯ ಹೊತ್ತಿಗೆ ನನ್ನ ಕೈಗೆ ಬಂದ ಕೈ ಹೀಗೇ ಇತ್ತು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಆ ಸಂದಿನಲ್ಲಿ ಅವ್ವ ತೀರ್ಪು ಕೊಟ್ಟಳು.

"ಆಗಿಬರದವ ಹಚ್ಕೋಬಾರದು. ಆಗಿಬರೋರು ಯಾಕ ಬಿಡಬೇಕು?"

"ಹೌದತ್ಯಾ. ಆದ್ರ ಕ್ರೀಮ್ ಹಚ್ಚಿದ ಕೈಲೆ ಚಹಾ ಕೊಟ್ಟು, ಇವರಿಗೆ ಮತ್ತ ದದ್ದು ಎದ್ದ್ರ?"

"ಏಳಬಹುದು," ಎಂದ ಅಣವೀರಪ್ಪ. (ಇವನನ್ನು ನಾನು ಗೆಳೆಯ ಎಂದಿದ್ದೆ.)

"ಹಂಗಾದ್ರ ಇನ್ನ ಮ್ಯಾಲೆ ಮುಂಜಾನಿ ಚಹಾ ಇವನ ಮಾಡ್ಲಿ. ನಮಗೂ ಎರಡು ಕಪ್ಪು ಹೆಚ್ಚಿಗಿ ಇಡಪಾ ಪಲ್ಲ್ಯಾ."

ನಾನು ಕೊನೆಯ ಅಸ್ತ್ರ ಬಿಟ್ಟೆ. "ನಿನ್ನ ಚಹಾಕ್ಕ ಮಡಿ ಬೇಕಲ್ಲ! ಧಾಬಳಿ ಉಟ್ಟ್ರ ಮತ್ತ ಮೈ ಕೆರೀತದ!"

"ಧಾಬಳಿ ಬ್ಯಾಡ ಕೂಸ. ಅದಕ್ಕೂ ದಾರಿ ಅದ. ಧೋತರಾ ನೀರಾಗ ತೊಯ್ಸಿ, ಒದ್ದೀಲೆ ಉಟ್ಕೊ."

ಈಗ ದಿನಾ ಆರೂವರೆಗೆ ಒದ್ದೆ ಧೋತರ ಉಟ್ಟು, ಹಲ್ಲು ಕಟಕಟಿಸುತ್ತ ಸ್ಟೋವಿಗೆ ಪಂಪು ಹೊಡೆಯುತ್ತೇನೆ. ಅವ್ವ ಕಾಲು ಚಾಚಿ ಕೂತು ತನ್ನ ಬೆಳ್ಳಿ ಬಟ್ಟಲಿನಲ್ಲಿ ಕುಡಿಯುತ್ತಾಳೆ. ವಿನೋದಿನಿಗೆ ಕಪ್ಪು ಹಿಡಿಯುವಂತಿಲ್ಲ, ಕೈಯಲ್ಲಿ ಕ್ರೀಮು. ನಾನೇ ಅವಳ ಬಾಯಿಗೆ ಹಿಡಿಯಬೇಕು. ಅವ್ವ ಆ ಹೊತ್ತಿಗೆ ಗೋಡೆಯ ಕಡೆ ತಿರುಗಿ ಕೆಮ್ಮುತ್ತಾಳೆ. ಅತ್ತ ನನ್ನ ಕಪ್ಪು ಆರುತ್ತಿರುತ್ತದೆ, ಸಂಡಾಸಿನ ಸಾಲು ಬೆಳೆಯುತ್ತಿರುತ್ತದೆ.

ವಿನೋದಿನಿ ಒಂದು ಗುಟುಕು ಎಳೆದು, ಕಣ್ಣು ಮುಚ್ಚಿ ರುಚಿ ನೋಡಿ, ಹೇಳುತ್ತಾಳೆ:

"ಸಕ್ಕರಿ ಕಡಿಮಿ ಆಗ್ಯದರೀ."